ರಾತ್ರಿ ಎರಡೂವರೆಯ ತಲೆಬಿಸಿ

ಪ್ರಶ್ನೆ: ನನಗೆ 43 ವರ್ಷ. ಶಿರಸಿ ತಾಲೂಕಿನ ಹಳ್ಳಿ, ಎರಡು ಎಕರೆ ಅಡಿಕೆ ತೋಟ. ಮಗಳು ಕಳೆದ ವರ್ಷ ಕೆಲಸಕ್ಕೆಂದು ಬೆಂಗಳೂರಿಗೆ ಹೋದಳು. ಮನೆಯಲ್ಲೀಗ ನಾನು, ಯಜಮಾನರು, 78 ವರ್ಷದ ಅತ್ತೆ. ಎಂಟು ತಿಂಗಳಿಂದ ರಾತ್ರಿ ಎರಡು, ಎರಡೂವರೆಗೆ ಎಚ್ಚರವಾಗುತ್ತದೆ. ಮಗಳು ಸಂಜೆ ಫೋನ್ ಎತ್ತದಿದ್ದದ್ದು ಯಾಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಎರಡನೇ ಕೊಳೆಮದ್ದು ಹೊತ್ತಿಗೆ ಸರಿಯಾಗಿ ಆಗುತ್ತದೋ ಇಲ್ಲವೋ, ಎಲೆಚುಕ್ಕಿ ರೋಗ ನಮ್ಮ ತೋಟಕ್ಕೂ ಬಂದರೆ ಗತಿ ಏನು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಪಕ್ಕದ ಮನೆಯವರು 51ಕ್ಕೇ ಹೃದಯಾಘಾತವಾಗಿ ಹೋದರು. ಅಂದಿನಿಂದ ಎದೆ ಡವಡವ ಎಂದರೆ ನನ್ನದೂ ಮುಗಿಯಿತು ಅನ್ನಿಸುತ್ತದೆ. ಎರಡು ಸಲ ಇಸಿಜಿ, ಒಂದು ಎಕೋ, ಥೈರಾಯ್ಡ್, ಎಲ್ಲ ನಾರ್ಮಲ್. ಡಾಕ್ಟರು ಕೊಟ್ಟ, ಆತಂಕ ತಗ್ಗಿಸುವ ಅಲ್ಪ್ರಜೋಲಾಮ್ 0.25 ಮಿಲಿಗ್ರಾಂ ಗುಳಿಗೆಯನ್ನು ಮೂರು ತಿಂಗಳಿಂದ ರಾತ್ರಿ ತಿನ್ನುತ್ತಿದ್ದೇನೆ. ಬಿಟ್ಟು ನೋಡಿದರೆ ಎರಡು ದಿನ ಮೊದಲಿಗಿಂತ ಜೋರು. ಯಜಮಾನರು "ಎಂತದೂ ಆಗ್ತಿಲ್ಲೆ, ಸುಮ್ನೆ ಮಲಗು" ಎನ್ನುತ್ತಾರೆ. ನಾದಿನಿ ಗುಳಿಗೆ ಚಟವಾಗುತ್ತದೆ ಎನ್ನುತ್ತಾಳೆ. ಅತ್ತೆಯದು ಒಂದೆಲಗದ ತಂಬ್ಳಿ, ಜೊತೆಗೆ ಜೋಯಿಸರಲ್ಲಿ ಪ್ರಶ್ನೆ ಕೇಳಿಸುವ ಮಾತು. ಎಲ್ಲಕ್ಕಿಂತ ಕಾಡುವುದು ಬೇರೆ: ಇಷ್ಟೆಲ್ಲ ಮಾಡಿ ಕೊನೆಗೆ ಎಂತಕ್ಕೆ? ಮದುವೆಗೆ ಮುಂಚೆ ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಅರ್ಥ, ಎಂದರೆ ಪಾತ್ರದ ಮಾತು, ಹೇಳುತ್ತಿದ್ದೆ. ಈಗ ಬದುಕಿನದೇ ಅರ್ಥ ಗೊತ್ತಾಗುತ್ತಿಲ್ಲ. ಇದು ಕಾಯಿಲೆಯೋ, ನನ್ನ ಸ್ವಭಾವವೋ? ತಲೆ ಕೆಟ್ಟುಹೋಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಉಳಿದದ್ದನ್ನು ನೀವು ಸ್ವಲ್ಪ ಸಮಾಧಾನದಲ್ಲಿ ಓದಬಹುದು. ತಲೆ ಕೆಡುವುದಿಲ್ಲ. ಅತಿಯಾಗಿ ಯೋಚಿಸಿ ಯೋಚಿಸಿ ಒಂದು ದಿನ ಹುಚ್ಚು ಹಿಡಿಯುತ್ತದೆ ಎಂಬುದು ನಮ್ಮಲ್ಲಿ ಬಹಳ ಹಳೆಯ ನಂಬಿಕೆ. ಆತಂಕ ಹೆಚ್ಚಾಗುತ್ತ ಹೋಗಿ ಬುದ್ಧಿಭ್ರಮಣೆಗೆ ತಿರುಗುವುದಿಲ್ಲ, ಅವೆರಡರ ದಾರಿ ಬೇರೆ. ಆತಂಕವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದು ಹೋಗಿ ಸೇರುವುದು ಹೆಚ್ಚಾಗಿ ಖಿನ್ನತೆಗೆ, ಇಲ್ಲವೇ ಗುಳಿಗೆಯ ಅವಲಂಬನೆಗೆ. ನಾವು ಕಾಯಬೇಕಾದ ದಿಕ್ಕು ಅದು.

ಕಾಯಿಲೆಯೋ ಸ್ವಭಾವವೋ ಎಂದಿರಿ. ತಲೆಬಿಸಿ ಎಲ್ಲರಿಗೂ ಇದೆ. ಕೊಳೆ ಬಂದ ವರ್ಷ ತಲೆಬಿಸಿ ಇಲ್ಲದ ತೋಟಿಗರು ಯಾರಿದ್ದಾರೆ? ವೈದ್ಯರು ನೋಡುವುದು ಎಷ್ಟು ದಿನದಿಂದ, ಎಷ್ಟು ವಿಷಯಕ್ಕೆ, ದೇಹಕ್ಕೆ ಏನಾಗುತ್ತಿದೆ ಎಂಬುದನ್ನು. ಆರು ತಿಂಗಳಿಗೂ ಹೆಚ್ಚು ಕಾಲ, ವಾರದ ಬಹುಪಾಲು ದಿನ, ಒಂದಲ್ಲ ಹಲವು ವಿಷಯಗಳ ಬಗ್ಗೆ ಹಿಡಿತಕ್ಕೆ ಸಿಗದ ಚಿಂತೆ. ಅದರ ಜೊತೆಗೆ ಚಡಪಡಿಕೆ, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ದೆ ಕೆಡುವುದು ಈ ಆರರಲ್ಲಿ ಕನಿಷ್ಠ ಮೂರು. ಮತ್ತು ಅದರಿಂದ ದಿನದ ಬದುಕಿಗೆ ತೊಂದರೆ. ಇಷ್ಟು ಕೂಡಿದರೆ ಅದಕ್ಕೆ ಸಾರ್ವತ್ರಿಕ ಆತಂಕದ ಕಾಯಿಲೆ ಎಂದು ಹೆಸರು. ನಿಮ್ಮ ಎಂಟು ತಿಂಗಳ ವಿವರ ಅದಕ್ಕೆ ಹತ್ತಿರ ಬರುತ್ತದೆ. ಪತ್ರ ಓದಿ ರೋಗ ಹೆಸರಿಸುವುದು ಸರಿಯಲ್ಲ, ಎದುರು ಕೂತು ಕೇಳಬೇಕು. ಸ್ವಭಾವದಲ್ಲಿ ಮೊದಲೇ ಸ್ವಲ್ಪ ಅಂಜಿಕೆ ಇದ್ದಿರಬಹುದು. ಹಾಗೆಂದು ಚಿಕಿತ್ಸೆಗೆ ಬಗ್ಗುವುದಿಲ್ಲ ಎಂದಲ್ಲ.

ಹೃದಯದ ವಿಷಯ ಬೇಗ ಮುಗಿಸೋಣ. ನಿಮ್ಮ ಡವಡವ ಬರುವುದು ರಾತ್ರಿ ಸುಮ್ಮನೆ ಮಲಗಿದ್ದಾಗ. ಹುಲ್ಲುಹೊರೆ ಹೊತ್ತು ತೋಟದಿಂದ ಮನೆಯವರೆಗೆ ದರೆ ಹತ್ತುವಾಗ ಏನೂ ಆಗುವುದಿಲ್ಲ ಎಂದಾದರೆ, ಅದರ ಜೊತೆ ಇಸಿಜಿ, ಎಕೋ ಸರಿಯಿದ್ದರೆ, ಮೂರನೇ ಇಸಿಜಿಯಿಂದ ಹೊಸದೇನೂ ಸಿಗಲಿಕ್ಕಿಲ್ಲ. ಶ್ರಮ ಮಾಡುವಾಗ ಎದೆಯಲ್ಲಿ ಒತ್ತಿದಂತಾಗಿ ನಿಂತರೆ ಕಡಿಮೆಯಾಗುವುದು, ನೋವು ದವಡೆಗೋ ತೋಳಿಗೋ ಹಬ್ಬುವುದು, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದು ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಆತಂಕವಿರಬೇಕು ಎಂದು ಮನೆಯಲ್ಲಿ ಕೂರಬೇಡಿ, ಹೊತ್ತು ನೋಡದೆ ಆಸ್ಪತ್ರೆಗೆ ಹೋಗಿ. ಹೆಂಗಸರಲ್ಲಿ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತಾಗಿಯೂ ಹೃದಯದ ತೊಂದರೆ ಕಾಣಿಸಿಕೊಳ್ಳುವುದುಂಟು.

ಇನ್ನೊಂದು ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೆ ಕೇಳಲೇಬೇಕು: ಮುಟ್ಟು ಹೇಗಿದೆ? 43 ಎಂದರೆ ಮುಟ್ಟು ನಿಲ್ಲುವ ಮುಂಚಿನ ಏರುಪೇರು ಶುರುವಾಗಬಹುದಾದ ವಯಸ್ಸು. ರಾತ್ರಿ ಮೈ ಬಿಸಿಯೇರಿ, ಬೆವೆತು, ಎದೆ ಹೊಡೆದುಕೊಂಡು ಎಚ್ಚರವಾಗುವುದು ಅದರಿಂದಲೂ ಇರಬಹುದು. ಹೆಚ್ಚು ಸ್ರಾವವಿದ್ದು ರಕ್ತ ಕಡಿಮೆಯಾದರೂ ಎದೆ ಡವಗುಟ್ಟುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿದೆ. ಹಿಮೋಗ್ಲೋಬಿನ್ ಒಂದು, ಸಸ್ಯಾಹಾರಿಯಾಗಿದ್ದರೆ ವಿಟಮಿನ್ ಬಿ12 ಒಂದು ನೋಡಿಸಿ. ಅಲ್ಲಿಗೆ ರಕ್ತಪರೀಕ್ಷೆ ಸಾಕು.

ಈಗ ಎರಡೂವರೆಯ ವಿಚಾರ. ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಆಳವಾದ ನಿದ್ದೆಯೆಲ್ಲ ಹೆಚ್ಚಾಗಿ ಮೊದಲ ಭಾಗದಲ್ಲೇ ಮುಗಿಯುತ್ತದೆ. ನಡುರಾತ್ರಿ ದಾಟಿದ ಮೇಲಿನದು ತೆಳು ನಿದ್ದೆ, ಆಗ ಎಲ್ಲರಿಗೂ ಒಂದೆರಡು ಸಲ ಎಚ್ಚರವಾಗುತ್ತದೆ. ಪಕ್ಕದಲ್ಲಿ ಮಲಗಿದ ನಿಮ್ಮ ಯಜಮಾನರಿಗೂ ಆಗಿರುತ್ತದೆ, ಅವರು ಮಗ್ಗುಲು ಬದಲಿಸುತ್ತಾರೆ, ಬೆಳಿಗ್ಗೆ ನೆನಪಿರುವುದಿಲ್ಲ. ನಿಮಗೆ ಎಚ್ಚರವಾದ ಗಳಿಗೆಯಲ್ಲೇ "ಅಯ್ಯೋ, ಇವತ್ತೂ ಆಯ್ತು" ಎಂಬ ಗಾಬರಿ ಹುಟ್ಟುತ್ತದೆ. ಗಾಬರಿಗೆ ಅಡ್ರಿನಲಿನ್ ಏರುತ್ತದೆ, ಎದೆ ಜೋರಾಗುತ್ತದೆ. ಎದೆ ಜೋರಾದದ್ದೇ ಅಪಾಯಕ್ಕೆ ಸಾಕ್ಷಿ ಎಂದು ಮನಸ್ಸು ತಿಳಿಯುತ್ತದೆ. ಹಗಲಾದರೆ ಕೊಟ್ಟಿಗೆ, ಒಲೆ, ಅತ್ತೆಯ ಕರೆ ಇದನ್ನು ಮುರಿಯುತ್ತವೆ. ರಾತ್ರಿ ಮುರಿಯುವವರಿಲ್ಲ.

ತಾಳಮದ್ದಳೆಯಲ್ಲಿ ಕೂತವರಿಗೆ ಇದನ್ನು ಹೇಳುವುದು ಸುಲಭ. ಅರ್ಥಧಾರಿಗಳು ಎಷ್ಟೇ ವಾದ ಬೆಳೆಸಲಿ, ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದರೆ ಮಾತು ನಿಲ್ಲಲೇಬೇಕು. ನಿಮ್ಮ ತಲೆಯೊಳಗೆ ಎರಡೂ ಕಡೆಯ ಅರ್ಥ ನೀವೇ ಹೇಳುತ್ತಿದ್ದೀರಿ, ಚೆನ್ನಾಗಿಯೇ ಹೇಳುತ್ತಿದ್ದೀರಿ, ಪದ್ಯ ಎತ್ತುವವರು ಮಾತ್ರ ಇಲ್ಲ.

ನಿಲ್ಲಿಸುತ್ತೇನೆ ಎಂದು ಹಟ ಹಿಡಿದರೆ ನಿಲ್ಲುತ್ತದೆಯೇ? ಇಲ್ಲ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಎಂದರು. ಕರಡಿ ಮತ್ತೆ ಮತ್ತೆ ಬಂತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿಂದಲೂ ನೆನೆಯಲು ಹೇಳಿಸಿಕೊಂಡವರಿಗಿಂತ ಇವರ ತಲೆಗೇ ಅದು ಹೆಚ್ಚು ಬಂತು. "ಯೋಚನೆ ಮಾಡಬೇಡ" ಎಂಬ ಸಲಹೆ ಮನೆಮಂದಿ ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಅದು ಕೆಲಸ ಮಾಡದಿರಲು ಕಾರಣ ಇದು.

ಚಿಂತೆಗೆ ಗೊಬ್ಬರ ಯಾವುದು ಎಂದು ಕೇಳಿದರೆ, ಮತ್ತೆ ಮತ್ತೆ ಖಾತ್ರಿ ಮಾಡಿಕೊಳ್ಳುವುದು. ಮಗಳು ಫೋನ್ ಎತ್ತಲಿಲ್ಲ, ನೀವು ಮತ್ತೆ ಮಾಡುತ್ತೀರಿ. ಸಿಗ್ನಲ್ ಇಲ್ಲವೆಂದು ಅಂಗಳ ದಾಟಿ ಗುಡ್ಡದ ಕಡೆ ನಡೆಯುತ್ತೀರಿ. ನಾಲ್ಕನೇ ಸಲಕ್ಕೆ ಆಕೆ "ಮೀಟಿಂಗಲ್ಲಿದ್ದೆ ಅಮ್ಮ" ಎಂದಾಗ ಒಂದು ತಂಪು. ಆ ತಂಪಿನಿಂದ ಮನಸ್ಸು ಕಲಿಯುವುದು "ಮಗಳು ಕ್ಷೇಮ" ಎಂಬುದನ್ನಲ್ಲ, "ನಾಲ್ಕು ಸಲ ಮಾಡಿದ್ದಕ್ಕೆ ಕ್ಷೇಮ" ಎಂಬುದನ್ನು. ನಾಳೆ ಐದು ಸಲ ಬೇಕಾಗುತ್ತದೆ. ನಾಡಿ ಹಿಡಿದು ನೋಡಿಕೊಳ್ಳುವುದು, ಗೂಗಲ್‌ನಲ್ಲಿ ಎದೆನೋವು ಹುಡುಕುವುದು, "ಎಂತೂ ಆಗ್ತಿಲ್ಲೆ ಅಲ್ದಾ?" ಎಂದು ಗಂಡನನ್ನು ಎಬ್ಬಿಸಿ ಕೇಳುವುದು, ಜೋಯಿಸರಲ್ಲಿ ಪ್ರಶ್ನೆ ಕೇಳಿಸುವುದು, ಎಲ್ಲ ಒಂದೇ ಸಾಲಿನವು. ನಂಬಿಕೆ ನಿಮಗೆ ಬಿಟ್ಟದ್ದು. ಒಂದು ಸಲ ಕೇಳಿಸಿ ಸಮಾಧಾನವಾದರೆ ನಷ್ಟವಿಲ್ಲ. ಮೂರನೇ ಜೋಯಿಸರನ್ನು ಹುಡುಕುವ ಹಂತಕ್ಕೆ ಬಂದರೆ ಅದು ಮೂರನೇ ಇಸಿಜಿಯ ಹಾಗೆಯೇ.

ಒಮ್ಮೆಲೇ ಎಲ್ಲ ಬಿಡಿ ಎನ್ನುವುದಿಲ್ಲ. ಮಗಳ ಜೊತೆ ಮಾತಾಡಿ ಒಂದು ಹೊತ್ತು ಗೊತ್ತುಮಾಡಿ, ರಾತ್ರಿ ಎಂಟೂವರೆ ಎನ್ನೋಣ. ದಿನಕ್ಕೆ ಒಂದೇ ಕರೆ. ಎತ್ತದಿದ್ದರೆ ಒಂದು ಮೆಸೇಜ್, ಮತ್ತೆ ಮರುದಿನ ಬೆಳಗಿನವರೆಗೆ ಏನೂ ಇಲ್ಲ. ಕಾಯುವಾಗ ಒಂದು ಚೀಟಿಯಲ್ಲಿ ಬರೆದಿಡಿ: ಏನಾಗಿರಬಹುದು ಎಂದು ಭಯವಾಯಿತು, ನಿಜಕ್ಕೂ ಏನಾಗಿತ್ತು. ಇಪ್ಪತ್ತು ಚೀಟಿ ಒಟ್ಟಾದ ಮೇಲೆ ಸಾಲಾಗಿ ಓದಿ. ಮೊದಲ ವಾರ ಚಡಪಡಿಕೆ ಹೆಚ್ಚಾಗುತ್ತದೆ, ಅದು ಆಗಬೇಕಾದದ್ದೇ. ಮಳೆಗಾಲದಲ್ಲಿ ಮೂರು ದಿನ ಕರೆಂಟು, ಟವರ್ ಎರಡೂ ಇಲ್ಲದಾಗ ಹೇಗೂ ಕಾಯುತ್ತೀರಲ್ಲ, ಅದನ್ನೇ ಬೇಕೆಂದು ಮಾಡುವುದು.

ಇನ್ನು ಚಿಂತೆಗೊಂದು ಹೊತ್ತು. ಸಂಜೆ ಐದೂವರೆಗೆ ಇಪ್ಪತ್ತು ನಿಮಿಷ, ಮಲಗುವ ಕೋಣೆ ಬಿಟ್ಟು ಬೇರೆಲ್ಲಾದರೂ, ಜಗಲಿಯಲ್ಲಾದರೂ ಸರಿ. ಒಂದು ನೋಟ್‌ಬುಕ್, ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಎಡಗಡೆ ಚಿಂತೆ, ಬಲಗಡೆ ಅದಕ್ಕೆ ಮುಂದಿನ ಕೆಲಸ. "ಎರಡನೇ ಕೊಳೆಮದ್ದು ತಡವಾದರೆ" ಎಂದು ಎಡಗಡೆ ಬಂದರೆ ಬಲಗಡೆ "ಗುರುವಾರ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಹೇಳಿ ಕಳಿಸುವುದು, ಮೈಲುತುತ್ತು, ಸುಣ್ಣ ಇದೆಯೋ ನೋಡುವುದು". ಮೊದಲ ಸಲ ಮದ್ದು ಹೊಡೆದು 40-45 ದಿನಕ್ಕೆ ಎರಡನೆಯದು ಎಂಬ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆ ತಾರೀಖನ್ನೇ ಬರೆಯಿರಿ. "ಮಗಳಿಗೆ ಏನಾದರೂ ಆಗಿಬಿಟ್ಟರೆ" ಎಂದು ಬಂದರೆ ಬಲಗಡೆ ಬರೆಯಲು ಏನೂ ಇರುವುದಿಲ್ಲ. ಖಾಲಿ ಬಿಡಿ. ಆ ಖಾಲಿ ಜಾಗ ತುಂಬಬೇಕೆಂದು ಕೈ ತುರಿಸುತ್ತದೆ, ತುಂಬಬೇಡಿ. ಎದ್ದು ಹೋಗಿ ದೀಪ ಹಚ್ಚುವುದೋ ಹಾಲು ಕರೆಯುವುದೋ ಮುಂದಿನ ಕೆಲಸ ಹಿಡಿಯಿರಿ.

ರಾತ್ರಿ ಚಿಂತೆ ಬಂದಾಗ ಅದನ್ನು ಓಡಿಸುವ ಬದಲು "ನಾಳೆ ಐದೂವರೆಗೆ" ಎನ್ನಿ. ಅಷ್ಟೇ. ಇದು ಕೆಡುವುದು ಮೂರು ಕಡೆ. ಇಪ್ಪತ್ತು ನಿಮಿಷ ಒಂದು ಗಂಟೆಯಾಗುತ್ತದೆ, ಅದಕ್ಕೆ ಅಲಾರಾಂ ಇಡಬೇಕು. ಚಿಂತೆ ಜೋರಿದ್ದ ದಿನ ಮಾತ್ರ ಕೂರುತ್ತಾರೆ. ಏನೂ ಚಿಂತೆ ಇಲ್ಲದ ದಿನವೂ ಕೂತು ಖಾಲಿ ಪುಟ ನೋಡಬೇಕು. ಮೂರನೆಯದು, ನಾಲ್ಕು ದಿನಕ್ಕೆ ಉಪಯೋಗ ಕಾಣಲಿಲ್ಲವೆಂದು ಬಿಡುವುದು. ಕನಿಷ್ಠ ಎರಡು ವಾರ ಬೇಕು.

ಹಾಸಿಗೆಯ ಲೆಕ್ಕ: ನಿದ್ದೆ ಬರಲಿ ಬಿಡಲಿ ಏಳುವ ಹೊತ್ತು ಒಂದೇ ಇರಲಿ, ಬೆಳಗಿನ ಐದೂವರೆ ಎಂದರೆ ಐದೂವರೆ. ಮಧ್ಯಾಹ್ನದ ನಿದ್ದೆ ಬೇಡ, ತೀರಾ ಬೇಕೆಂದರೆ ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ. ರಾತ್ರಿ ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷ ಹೊರಳಾಡಿದ್ದೀರಿ ಅನ್ನಿಸಿದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅದನ್ನು ಗೋಡೆ ಕಡೆ ತಿರುಗಿಸಿಡಿ. ಹೊರಗಿನ ಕೋಣೆಯಲ್ಲಿ ಮಂದ ದೀಪದಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯಿರಿ. ಹಾಸ್ಯಕ್ಕೆ ಹೇಳುತ್ತಿಲ್ಲ. ಬತ್ತಿ ಹೊಸೆಯುವುದಕ್ಕೆ ಬೆಳಕು ಬೇಡ, ಬುದ್ಧಿ ಬೇಡ, ಮುಗಿಸಲೇಬೇಕೆಂಬ ಗಡಿಬಿಡಿ ಇಲ್ಲ, ಕೈ ಮಾತ್ರ ಆಡುತ್ತಿರುತ್ತದೆ. ಬೆರಳ ತುದಿಗೆ ಹತ್ತಿಯ ನೂಲು ಸಿಕ್ಕುತ್ತ ತಿರುಗುವಾಗ ಗಮನ ಅಲ್ಲೇ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಕಣ್ಣು ಎಳೆದಾಗ ಹೋಗಿ ಮಲಗಿ. ಮತ್ತೆ ಹೊರಳಾಟವಾದರೆ ಮತ್ತೆ ಎದ್ದು ಬನ್ನಿ. ಈ ಹೊತ್ತಿನಲ್ಲಿ ಮೊಬೈಲ್ ಮುಟ್ಟಿದರೆ ಎಲ್ಲ ಹಾಳು. ಮೊದಲ ವಾರ ನಿದ್ದೆ ಇನ್ನೂ ಕಡಿಮೆಯಾಗಿ ಹಗಲು ತೂಕಡಿಕೆ ಬರಬಹುದು, ಆ ದಿನಗಳಲ್ಲಿ ಸ್ಕೂಟಿ ಓಡಿಸುವುದು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು ನೋಡಿಕೊಂಡು ಮಾಡಿ.

ಉಸಿರಾಟದ ಬಗ್ಗೆ ಒಂದು ತಪ್ಪು ಎಲ್ಲೆಡೆ ಹಬ್ಬಿದೆ. ಗಾಬರಿಯಾದಾಗ "ಜೋರಾಗಿ ದೀರ್ಘ ಉಸಿರು ತಗೋ" ಎನ್ನುತ್ತಾರೆ. ಹಾಗೆ ಎಳೆದೆಳೆದು ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತೇಲುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ. ಮೆತ್ತಗೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಹೊರಬಿಡುವುದು ಉದ್ದವಿರಬೇಕು. ಹಗಲು ಸಮಾಧಾನದಲ್ಲಿದ್ದಾಗ ಎರಡು ಹೊತ್ತು ರೂಢಿ ಮಾಡಿಕೊಳ್ಳದಿದ್ದರೆ ರಾತ್ರಿ ಕೈಗೆ ಬರುವುದಿಲ್ಲ.

ಕವಳ (ಎಲೆಅಡಿಕೆ) ಹಾಕುತ್ತೀರಾ? ಅಡಿಕೆ ಬೆಳೆಯುವ ಮನೆಗೆ ಈ ಪ್ರಶ್ನೆ ಕೇಳುವುದು ಒಂಥರಾ, ಆದರೂ ಕೇಳಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ನರಗಳನ್ನು ಚುರುಕುಗೊಳಿಸುತ್ತದೆ. ಬೆವರು, ಮೈಬಿಸಿ, ಎದೆಬಡಿತ ಅದರಿಂದಲೂ ಬರುತ್ತವೆ. ತಂಬಾಕು ಸೇರಿದ್ದರೆ ನಿಕೋಟಿನ್ ಬೇರೆ. ಚಹಾ, ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು, ಅಂದರೆ ಸಂಜೆ ಆರರ ಚಹಾದ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ ಎರಡರ ನಂತರ ಚಹಾ ಬದಲು ಕಷಾಯ ಮಾಡಿಕೊಳ್ಳಿ, ರಾತ್ರಿ ಊಟದ ಮೇಲಿನ ಕವಳ ಬಿಡಿ. ಒಂದೆಲಗದ ತಂಬ್ಳಿ ಧಾರಾಳವಾಗಿ ಉಣ್ಣಿ, ಊಟಕ್ಕೆ ರುಚಿ. ಎಂಟು ತಿಂಗಳ ಆತಂಕವನ್ನು ಅದರ ಮೇಲೆ ಹೊರಿಸಿ ಕೂರಬೇಡಿ.

ಗುಳಿಗೆ. ನಾದಿನಿ ಹೇಳಿದ್ದು ಅರ್ಧ ನಿಜ. ನೀವು ತಿನ್ನುತ್ತಿರುವ ಅಲ್ಪ್ರಜೋಲಾಮ್ ಅರ್ಧ ಗಂಟೆಯಲ್ಲಿ ಹಿತ ಕೊಡುತ್ತದೆ, ಬೇಗ ಇಳಿಯುತ್ತದೆ, ಮೈಗೆ ಅಭ್ಯಾಸವಾಗುತ್ತದೆ. ಇಂಥ ಗುಳಿಗೆಗಳು ಎರಡರಿಂದ ನಾಲ್ಕು ವಾರಕ್ಕೆ ಸರಿ, ಮೂರು ತಿಂಗಳು ಹೆಚ್ಚಾಯಿತು. ಬಿಟ್ಟಾಗ ಎರಡು ದಿನ ಜೋರಾದದ್ದು ಬಹುಪಾಲು ಗುಳಿಗೆ ತಪ್ಪಿಸಿದ ಪರಿಣಾಮ, ಕಾಯಿಲೆ ಉಲ್ಬಣಿಸಿದ್ದಲ್ಲ. ಹಾಗೆಂದು ನಾಳೆಯಿಂದ ಪಟಕ್ಕನೆ ನಿಲ್ಲಿಸಬೇಡಿ, ದಿನ ಬಿಟ್ಟು ದಿನ ತಿನ್ನುವುದೂ ಬೇಡ. ಒಂದು ದಿನ ಏರಿ ಒಂದು ದಿನ ಇಳಿದು ಮೈಗೆ ಇನ್ನೂ ಕಷ್ಟ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕಾಲು ಭಾಗದಷ್ಟು ಇಳಿಸುತ್ತಾರೆ, ವೇಗ ನಿಮ್ಮ ವೈದ್ಯರು ಹೇಳಲಿ.

ಆತಂಕಕ್ಕೆಂದೇ ದೀರ್ಘ ಕಾಲ ಕೊಡುವ ಗುಳಿಗೆ ಬೇರೆ, ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಮುಂತಾದವು. ತಿಂದ ದಿನವೇ ಹಿತವಾಗುವುದಿಲ್ಲ, ಆದ್ದರಿಂದಲೇ ಅವಕ್ಕೆ ಚಟದ ಗುಣವೂ ಇಲ್ಲ. ಎಸ್ಸಿಟಾಲೋಪ್ರಾಮ್ ಆದರೆ ಸಾಮಾನ್ಯವಾಗಿ 5 ಮಿಲಿಗ್ರಾಂನಲ್ಲಿ ಶುರುಮಾಡಿ 10ಕ್ಕೆ ಏರಿಸುತ್ತಾರೆ. ಮೊದಲ ಹತ್ತು ದಿನ ವಾಕರಿಕೆ, ತಲೆನೋವು, ಕೆಲವರಿಗೆ ಚಡಪಡಿಕೆ ಹೆಚ್ಚು; ಅದಕ್ಕೆ ಹೆದರಿ ನಿಲ್ಲಿಸುವವರೇ ಬಹಳ. ಉಪಯೋಗ ಕಾಣಲು ಎರಡರಿಂದ ಆರು ವಾರ. ಚೆನ್ನಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ನಿಧಾನಕ್ಕೆ ಇಳಿಸಬೇಕು, ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯಲ್ಲಿ ಶಾಕ್ ಹೊಡೆದಂಥ ಅನುಭವ ಬರುತ್ತದೆ. ದಾಂಪತ್ಯದ ಆಸಕ್ತಿ ಕುಂದಬಹುದು, ಅದನ್ನು ವೈದ್ಯರಿಗೆ ಹೇಳಲು ನಾಚಿಕೊಂಡು ಗುಳಿಗೆಯನ್ನೇ ಬಿಡಬೇಡಿ. ಸೊಂಟನೋವು, ಮಂಡಿನೋವಿಗೆ ನೋವಿನ ಮಾತ್ರೆ ತಿನ್ನುವ ಅಭ್ಯಾಸವಿದ್ದರೆ ಮೊದಲೇ ಹೇಳಿ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ.

ಗುಳಿಗೆ ಇಲ್ಲದೆಯೂ ಆಗುತ್ತದೆ. ಮೇಲೆ ಹೇಳಿದ ಚೀಟಿ, ನೋಟ್‌ಬುಕ್, ಹಾಸಿಗೆಯ ಲೆಕ್ಕವೆಲ್ಲ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯ ತುಣುಕುಗಳು. ತರಬೇತಿಯಿರುವ ಮನಶ್ಶಾಸ್ತ್ರಜ್ಞರ ಜೊತೆ ವಾರಕ್ಕೊಂದರಂತೆ ಸುಮಾರು ಹನ್ನೆರಡು ಸಲ ಕೂತು ಮಾಡಿದರೆ ಬಾಳಿಕೆ ಹೆಚ್ಚು. ಶಿರಸಿ ಕಡೆ ವಾರ ವಾರ ಹೋಗಿಬರುವುದೇ ಕಷ್ಟ ಎಂಬುದು ನಿಜ. ಮೊದಲೆರಡು ಸಲ ಎದುರು ಕೂತು, ಉಳಿದದ್ದು ವಿಡಿಯೊ ಕರೆಯಲ್ಲಿ ಎಂದು ಕೇಳಿ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ಮೊದಲು ಆರು ವಾರ ಈ ಅಭ್ಯಾಸಗಳು, ಜೊತೆಗೇ ಅಲ್ಪ್ರಜೋಲಾಮ್ ಇಳಿಸುವುದು. ಇಳಿಸುವುದು ಆಗಲೇ ಇಲ್ಲ, ಹಗಲಿನ ಕೆಲಸವೂ ಕೈಬಿಟ್ಟು ಹೋಗುತ್ತಿದೆ ಎಂದಾದರೆ ದೀರ್ಘಕಾಲದ ಗುಳಿಗೆಗೆ ಹಿಂಜರಿಯಬೇಡಿ.

ಇನ್ನು "ಎಂತಕ್ಕೆ?" ಎಂಬ ಪ್ರಶ್ನೆ. ಇದನ್ನು ನಾನು ಕಾಯಿಲೆಯ ಪಟ್ಟಿಗೆ ಸೇರಿಸುವುದಿಲ್ಲ. ಇಪ್ಪತ್ತು ವರ್ಷ ಮಗಳ ಸುತ್ತ ಕಟ್ಟಿದ ದಿನಚರಿ ಒಂದು ಬಸ್ಸಿನಲ್ಲಿ ಹೊರಟುಹೋದಾಗ, ಪಕ್ಕದ ಮನೆಯ ಚಪ್ಪರದಲ್ಲಿ 51ರ ದೇಹ ಕಂಡಾಗ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ತೊಂದರೆ ಅದು ಬರುವ ಹೊತ್ತಿನದು. ಹಗಲಲ್ಲಿ ತೋಟದ ಕಾಲುವೆ ಪಕ್ಕ ನಿಂತಾಗ ಇದೇ ಪ್ರಶ್ನೆ ಬಂದರೆ ಅದರಲ್ಲಿ ಬೇಸರವಿರಬಹುದು, ಕುತೂಹಲವೂ ಇರಬಹುದು. ರಾತ್ರಿ ಎರಡೂವರೆಗೆ ಬಂದಾಗ ಅದರಲ್ಲಿರುವುದು ಹೆದರಿಕೆ ಮಾತ್ರ, ಅದಕ್ಕೆ ಬೇಕಾದದ್ದು ಈಗಿಂದೀಗ ಒಂದು ಖಾತ್ರಿಯ ಉತ್ತರ. ಸಾವಿನ ಬಗ್ಗೆ, ಬದುಕಿನ ಬಗ್ಗೆ ಖಾತ್ರಿಯ ಉತ್ತರ ಯಾರ ಬಳಿಯೂ ಇಲ್ಲ. ಹಾಸಿಗೆಯಲ್ಲಿ ಅದಕ್ಕೆ ಉತ್ತರಿಸಬೇಡಿ, ಅದನ್ನೂ ಐದೂವರೆಗೆ ಬರಹೇಳಿ.

ನಿಮ್ಮ ಪತ್ರವನ್ನು ಎರಡನೇ ಸಲ ಓದುವಾಗ ಕಂಡದ್ದು: ತೋಟ, ಮಗಳು, ಅತ್ತೆ, ಯಜಮಾನರು ಎಲ್ಲರಿಗೂ ಸಾಲುಗಳಿವೆ. ನಿಮಗಾಗಿ ನೀವು ಮಾಡುತ್ತಿದ್ದದ್ದು ಒಂದೇ ಸಾಲು, ಅದೂ ಮದುವೆಗೆ ಮುಂಚಿನದು. ತಾಳಮದ್ದಳೆಗೆ ಮರಳಿದರೆ ಆತಂಕ ಹೋಗುತ್ತದೆ ಎಂದು ಹೇಳಲಾರೆ. ಆದರೆ ಏನು ಮಾಡಿದರೆ ಅರ್ಥ ಸಿಗುತ್ತದೆ ಎಂದು ಮೊದಲು ಯೋಚಿಸಿ ಆಮೇಲೆ ಮಾಡುತ್ತೇನೆ ಎಂಬ ಕ್ರಮ ನಿಮ್ಮಂಥವರಿಗೆ ಒಗ್ಗುವುದಿಲ್ಲ, ಯೋಚನೆಯಲ್ಲೇ ಕಳೆದುಹೋಗುತ್ತೀರಿ. ಮೊದಲು ಕೈ, ಆಮೇಲೆ ತಲೆ. ಜಿಲ್ಲೆಯಲ್ಲಿ ಹೆಂಗಸರೇ ನಡೆಸುವ ತಾಳಮದ್ದಳೆ ಕೂಟಗಳಿವೆ. ಕೇಳಲು ಹೋಗಿ, ಸಣ್ಣದೊಂದು ಅರ್ಥ ಒಪ್ಪಿಕೊಳ್ಳಿ. ತಿಂಗಳಿಗೊಮ್ಮೆ ಸಾಕು. ಎಲ್ಲಿ ತಪ್ಪುತ್ತದೆ ಎಂದರೆ, ಮೊದಲ ದಿನವೇ "ಇದರಿಂದ ನನಗೆ ಸಮಾಧಾನ ಬಂತೇ?" ಎಂದು ಅಳೆಯಲು ಕೂರುವುದರಲ್ಲಿ. ಮೂರು ತಿಂಗಳು ಅಳೆಯಬೇಡಿ.

"ಎಂತಕ್ಕೆ" ಎಂಬುದು "ಇರುವುದೇ ಬೇಡ" ಎಂಬ ಕಡೆಗೆ ತಿರುಗಿದರೆ, ಬೆಳಗೆದ್ದಾಗಲೇ ಮನಸ್ಸು ಕುಸಿದಿದ್ದರೆ, ಇಷ್ಟದ ಊಟವೂ ಬೇಡವಾದರೆ ಆರು ವಾರ ಕಾಯುವ ಮಾತಿಲ್ಲ. 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ಯಜಮಾನರು ಬೀಗ ಹಾಕಿಡಲಿ.

ಎದುರು ಕೂತು ತೋರಿಸಲು ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಯಾವ ಮಂಗಳವಾರ ಎಂದು ಫೋನ್ ಮಾಡಿ ತಿಳಿದುಕೊಂಡು ಹೊರಡಿ. ಘಟ್ಟ ಇಳಿದರೆ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಆಚೆ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್. ಊರಿನವರಿಗೆ ಗೊತ್ತಾದರೆ ಎಂಬ ಅಳುಕು ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿವರವನ್ನು ಗುಟ್ಟಾಗಿ ಇಡುವುದು ವೈದ್ಯರ ಹೊಣೆ.

ಯಜಮಾನರಿಗೆ ಈ ಉತ್ತರ ಓದಿಸಿ. ಅವರು "ಎಂತದೂ ಆಗ್ತಿಲ್ಲೆ" ಎನ್ನುವುದನ್ನು ನಿಲ್ಲಿಸಿ, ನೀವು ಎಬ್ಬಿಸಿದಾಗ "ಐದೂವರೆಗೆ ಮಾತಾಡ್ವ" ಎಂದಷ್ಟೇ ಹೇಳಲಿ. ಮೊದಮೊದಲು ನಿಮಗೆ ಸಿಟ್ಟು ಬರುತ್ತದೆ, ಅವರಿಗೆ ಮೊದಲೇ ಹೇಳಿಟ್ಟಿರಿ.

ವೈದ್ಯರಲ್ಲಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಎರಡು ವಾರದ ನಿದ್ದೆಯ ಹೊತ್ತು, ಕಳೆದ ಮೂರು ಮುಟ್ಟಿನ ತಾರೀಖು, ದಿನಕ್ಕೆ ಎಷ್ಟು ಚಹಾ, ಎಷ್ಟು ಕವಳ, ಈಗ ತಿನ್ನುತ್ತಿರುವ ಎಲ್ಲ ಗುಳಿಗೆ, ಚೂರ್ಣ, ಲೇಹ್ಯ. ಹಳೆಯ ಇಸಿಜಿಗಳನ್ನು ಒಯ್ಯಿರಿ, ಇಲ್ಲದಿದ್ದರೆ ಅಲ್ಲಿ ಮತ್ತೊಂದು ತೆಗೆಸುತ್ತಾರೆ.